ಎಳ್ಳ ಅಮಾವಾಸ್ಯೆಯ ಭಜ್ಜಿಗೆ ಕಾಳು ಎಲ್ಲಿಂದ?



ಎಳ್ಳ ಅಮಾವಾಸ್ಯೆಯ ದಿನ ಬೀದರ ಜಿಲ್ಲೆಯ ಜನರನ್ನು ಕಾಣಬೇಕಾದರೆ ಊರಿಗೆ ಹೋಗಬಾರದು, ಹೊಲಕ್ಕೆ ಹೋಗಬೇಕು. ಅಂದು ಬೀದರ ನಗರದ ಬೀದಿಗಳೂ ಬಿಕೋ ಎನ್ನುತ್ತವೆ. ಹೊಲವಿದ್ದವರು ತಮ್ಮ ಹೊಲಕ್ಕೆ, ಇಲ್ಲದವರು ಗೆಳೆಯರ ಹೊಲಕ್ಕೆ ಬುತ್ತಿ ಕಟ್ಟಿಕೊಂಡು ಹೋಗುತ್ತಾರೆ. ಜಾತಿ ಮತದ ಎಣಿಕೆಯಿಲ್ಲದೆ ಎಲ್ಲರೂ ಒಂದೇ ಮರದ ನೆರಳಿನಲ್ಲಿ ಕುಳಿತು ಉಣ್ಣುತ್ತಾರೆ.

ಬೀದರ ಕೋಟೆಯಲ್ಲಿ ನಡೆಯುವ ಬೀದರ ಉತ್ಸವವನ್ನು ನಿಮ್ಮಲ್ಲಿ ಹಲವರು ನೋಡಿರಬಹುದು. 2023ರ ಜನವರಿಯಲ್ಲಿ ಅದು ಮೂರು ದಿನ ನಡೆಯಿತು. ಇಂತಹ ಉತ್ಸವಗಳಲ್ಲಿ ಸಂಗೀತ, ಜಾನಪದ, ಬಿದರಿ ಕಲೆ ಎಲ್ಲಕ್ಕೂ ವೇದಿಕೆ ದೊರೆಯುತ್ತದೆ. ಬಿದರಿ ಪಾತ್ರೆಗೆ ಆ ಕಪ್ಪು ಹೊಳಪು ಬರಬೇಕಾದರೆ ಹಳೆಯ ಕೋಟೆಯ ಮಣ್ಣೇ ಬೇಕು ಎಂಬುದು ನಿಮಗೆ ತಿಳಿದಿದೆ. ಹಬ್ಬದ ಊಟದ ಮಾತೂ ಹೀಗೆಯೇ. ಅದಕ್ಕೆ ಹೊಲದ ಮಣ್ಣು ಬೇಕು. ಈ ಲೇಖನದಲ್ಲಿ ಆ ಮಣ್ಣಿನ ವಿಚಾರವನ್ನೇ ತಿಳಿಸಬಯಸುತ್ತೇನೆ.

ಹಬ್ಬದ ಹೊತ್ತು, ಬೆಳೆಯ ಹೊತ್ತು

ಹಿಂಗಾರಿ ಜೋಳ ಹೊಡೆ ಕಟ್ಟಿ ತೆನೆ ಬಿಡುವ ಕಾಲಕ್ಕೆ ಈ ಅಮಾವಾಸ್ಯೆ ಬರುತ್ತದೆ. ಆಗ ಕಡಲೆ ಹಸಿ ಕಾಯಿ ಹಿಡಿದಿರುತ್ತದೆ, ಕುಸುಬೆ ಬೆಳೆದು ನಿಂತಿರುತ್ತದೆ. ನಮ್ಮ ಹಿರಿಯರು ಇದನ್ನು ಭೂತಾಯಿ ಬಸುರಾದ ಕಾಲವೆಂದು ಕಂಡು ಬಯಕೆಯ ಊಟ ಉಣಿಸಿದರು. ಜೋಳದ ದಂಟು ಕೂಡಿಸಿ ಕೊಂಪೆ ಕಟ್ಟಿ, ಅದರಲ್ಲಿ ಐದು ಕಲ್ಲುಗಳಿಗೆ ಸುಣ್ಣ ಬಳಿದು ಪಾಂಡವರೆಂದು ಪೂಜಿಸಿ, ಹೊಲದ ತುಂಬ ಚರಗ ಚೆಲ್ಲುತ್ತಾರೆ. ಬಳಿಕ ಸಜ್ಜೆ ರೊಟ್ಟಿ, ಜೋಳದ ಅಂಬಲಿ, ಕಡುಬು, ಎಳ್ಳಿನ ಹೋಳಿಗೆ ಮತ್ತು ಎಲ್ಲಕ್ಕೂ ಮುಖ್ಯವಾಗಿ ಭಜ್ಜಿ. ಉಂಡಾದ ಮೇಲೆ ಹೆಣ್ಣುಮಕ್ಕಳ ಹಾಡು, ಹಿರಿಯರ ಭಜನೆ, ಮಕ್ಕಳ ಜೋಕಾಲಿ.

ತಾಟಿನಲ್ಲಿ ಹೊಲದ ಲೆಕ್ಕ

ಬೀದರ ಕಡೆಯ ಭಜ್ಜಿ ಎಣ್ಣೆಯಲ್ಲಿ ಕರಿದ ತಿಂಡಿಯಲ್ಲ. ಹಸಿ ತೊಗರಿ, ಅವರೆ, ಅಲಸಂದಿ, ಬಟಾಣಿ, ಹಸಿ ಕಡಲೆ, ಶೇಂಗಾ, ಮೆಂತ್ಯೆ, ಪಾಲಕ, ಗಜ್ಜರಿಗಳನ್ನು ಒಟ್ಟಿಗೆ ಬೇಯಿಸಿ, ಹುಣಸೆ ರಸ ಹಿಂಡಿ, ಕಡಲೆ ಹಿಟ್ಟು ಕದಡಿ ಮಾಡುವ ಪಲ್ಯ. ಆಹಾರ ಶಾಸ್ತ್ರದ ದೃಷ್ಟಿಯಿಂದ ಇದು ಉತ್ತಮ ಜೋಡಣೆ. ಜೋಳ, ಸಜ್ಜೆಗಳಲ್ಲಿ ಕಡಿಮೆ ಇರುವ ಲೈಸಿನ್ ಎಂಬ ಪೋಷಕಾಂಶವನ್ನು ಬೇಳೆಕಾಳು ತುಂಬಿಕೊಡುತ್ತದೆ. ಎಳ್ಳಿನಿಂದ ಸುಣ್ಣದ ಅಂಶ ದೊರೆಯುತ್ತದೆ.

ಕೆಲವು ವರ್ಷಗಳ ಹಿಂದೆ ಭಾಲ್ಕಿಯ ಸಮೀಪದ ಒಂದು ಹೊಲದಲ್ಲಿ ಈ ಹಬ್ಬದ ಊಟಕ್ಕೆ ಕುಳಿತಿದ್ದೆ. ಭಜ್ಜಿಯನ್ನು ಹೊಗಳಿದಾಗ ಮನೆಯ ಹಿರಿಯ ತಾಯಿ ನಗಲಿಲ್ಲ. “ಮೊದಲ ಬಜಾರಕ್ಕ ಬರೀ ಉಪ್ಪಿಗಿ ಹೋಗ್ತಿದ್ದೆವ್ರಿ ಸಾಹೇಬ್ರ, ಈಗ ಭಜ್ಜಿಗೂ ಹೋಗಬೇಕಾಗ್ಯಾದ” ಎಂದರು. ಅಲ್ಲಿಯೇ ಕುಳಿತು ಇಬ್ಬರೂ ಲೆಕ್ಕ ಹಾಕಿದೆವು. ತಾಟಿನಲ್ಲಿದ್ದ ಕಾಳು, ಸೊಪ್ಪು, ಧಾನ್ಯಗಳಲ್ಲಿ ಆ ಹೊಲದವು ತೊಗರಿ ಮತ್ತು ಕಡಲೆ ಎರಡೇ. ಸಜ್ಜೆ, ಎಳ್ಳು ಸಹ ಅಂಗಡಿಯವು. ಕೊಂಪೆಗೆ ಬೇಕಾದ ಜೋಳದ ದಂಟನ್ನು ಪಕ್ಕದ ಹೊಲದಿಂದ ಕೇಳಿ ತಂದಿದ್ದರು.

ನಿಮ್ಮ ಹೊಲದಲ್ಲಿ ಈ ಲೆಕ್ಕ ಎಷ್ಟಕ್ಕೆ ಬರುತ್ತದೆ? ಮುಂದಿನ ಹಬ್ಬದಂದು ಎಣಿಸಿ ನೋಡಿ.

ಹೀಗಾಗಲು ಕಾರಣ

ಇಂದು ಬೀದರ ಜಿಲ್ಲೆಯ ಮುಂಗಾರಿನಲ್ಲಿ ಸೋಯಾ ಅವರೆಯೇ ದೊಡ್ಡ ಬೆಳೆ. ಇದನ್ನು ಬೆಳೆದವರನ್ನು ದೂರುವಂತಿಲ್ಲ. ಅದು 90ರಿಂದ 100 ದಿನಗಳಲ್ಲಿ ಹೊಲ ಬಿಟ್ಟುಕೊಡುತ್ತದೆ, ಮಾರುಕಟ್ಟೆಯಿದೆ, ಯಂತ್ರದಿಂದ ಕೊಯ್ಲು ಮಾಡಬಹುದು. ಆದರೆ ಇಡೀ ಹೊಲಕ್ಕೆ ಕಳೆನಾಶಕ ಸಿಂಪಡಿಸಿದಾಗ ಸಾಲಿನ ನಡುವೆ ಅಕ್ಕಡಿ ಬೆಳೆ ಉಳಿಯುವುದಿಲ್ಲ. ಕೊಯ್ಲು ಯಂತ್ರ ಓಡಾಡುವ ಹೊಲದಲ್ಲಿ ಪುಂಡಿ, ಎಳ್ಳು, ಅಲಸಂದಿಗಳ ಸಾಲು ಅಡ್ಡಿಯೆನಿಸುತ್ತವೆ. ನೀರಾವರಿಯಿದ್ದಲ್ಲಿ ಕಬ್ಬು ಬಂದಿತು. ಶುದ್ಧ ಬೆಳೆಯ ಇಳುವರಿಯನ್ನೇ ಎತ್ತಿ ಹೇಳಿದ ನಮ್ಮಂತಹ ವಿಜ್ಞಾನಿಗಳ ಪಾಲೂ ಇದರಲ್ಲಿದೆ ಎಂದು ಒಪ್ಪಿಕೊಳ್ಳಬೇಕು.

ಇದರ ಪರಿಣಾಮ ಊಟಕ್ಕೆ ಮಾತ್ರ ನಿಲ್ಲುವುದಿಲ್ಲ. ಔರಾದಿನಲ್ಲಿ ಶಿವರಾತ್ರಿಯ ಸಮಯಕ್ಕೆ ನಡೆಯುವ ಅಮರೇಶ್ವರ ಜಾತ್ರೆಯನ್ನು ನೋಡಿ. ಅಲ್ಲಿನ ಜಾನುವಾರು ಪ್ರದರ್ಶನದ ಹೆಮ್ಮೆ ದೇವಣಿ ತಳಿ. ಉಳಲು ಎತ್ತು, ಹಿಂಡಲು ಹಾಲು ಎರಡನ್ನೂ ಕೊಡುವ ತಳಿಯಿದು. ಜೋಳದ ಕಣಿಕೆ ಈ ದನಗಳ ಮುಖ್ಯ ಒಣಮೇವು. ಸೋಯಾ ಹೊಟ್ಟು ಕಣಿಕೆಯ ಸ್ಥಾನವನ್ನು ತುಂಬಲಾರದು. ಜೋಳ ಕಡಿಮೆಯಾದ ಮನೆಯಲ್ಲಿ ಮೇವು ಕಡಿಮೆಯಾಗುತ್ತದೆ, ಮೇವು ಕಡಿಮೆಯಾದಾಗ ದನ ಮಾರಾಟಕ್ಕೆ ಹೋಗುತ್ತದೆ. ಭಾಲ್ಕಿಯ ಭಜ್ಜಿಗೂ ಔರಾದಿನ ದೇವಣಿಗೂ ಇರುವ ನಂಟು ಇದೇ.

ಹಬ್ಬಕ್ಕಾಗಿ ಹತ್ತು ಗುಂಟೆ

ಸೋಯಾ ಬಿಡಿರೆಂದು ಹೇಳುತ್ತಿಲ್ಲ. ಹತ್ತು ಗುಂಟೆ, ಅಂದರೆ ಕಾಲು ಎಕರೆಯನ್ನು ಹಬ್ಬಕ್ಕೆಂದು ತೆಗೆದಿಡಬಹುದು. ಇದನ್ನು ಎರಡು ಪಾಲು ಮಾಡಿ.

1. ಮೊದಲ ಪಾಲಿನಲ್ಲಿ ಜುಲೈ ತಿಂಗಳ ಮೊದಲ ಹದಿನೈದು ದಿನಗಳಲ್ಲಿ ಸಜ್ಜೆ ನಾಲ್ಕು ಸಾಲು, ಅವಧಿ ಹೆಚ್ಚಿನ ಜವಾರಿ ತೊಗರಿ ಎರಡು ಸಾಲಿನಂತೆ ಬಿತ್ತಿ. ಅಂಚಿಗೆ ಎಳ್ಳು ಮತ್ತು ಪುಂಡಿ ಇರಲಿ. ಅವಧಿ ಕಡಿಮೆಯ ತೊಗರಿಯಾದರೆ ಹಬ್ಬದ ಹೊತ್ತಿಗೆ ಒಣಗಿಬಿಡುತ್ತದೆ.

2. ಎರಡನೆಯ ಪಾಲನ್ನು ಹಿಂಗಾರಿಗೆ ಹದಗೊಳಿಸಿ ಬಿಡಿ. ಸೆಪ್ಟೆಂಬರ್ ಕೊನೆಯ ವಾರದಿಂದ ಅಕ್ಟೋಬರ್ ಮಧ್ಯದೊಳಗೆ ಜೋಳ ಆರು ಸಾಲು, ಕಡಲೆ ಎರಡು ಸಾಲು ಬಿತ್ತಿ. ಜೋಳಕ್ಕೆ ಒಂದೂವರೆ ಅಡಿ ಅಂತರವಿರಲಿ. 1930ರ ದಶಕದಲ್ಲಿ ಮಹಾರಾಷ್ಟ್ರದ ಮೋಹೋಳದಲ್ಲಿ ಆಯ್ದ ಮಾಲದಂಡಿ ಎಂ 35-1 ತಳಿ ರೊಟ್ಟಿಗೂ ಕಣಿಕೆಗೂ ಇಂದಿಗೂ ಸೂಕ್ತವಾಗಿದೆ. ಕಡಲೆಗೆ ಜೆಜಿ-11 ಆಗಬಹುದು. ಸುತ್ತಲೂ ಕುಸುಬೆಯ ಎರಡು ಸಾಲು ಹಾಕಿದರೆ ಅದರ ಮುಳ್ಳಿಗೆ ದನಗಳು ಒಳಗೆ ಬಾರವು.

3. ಒಡ್ಡಿನ ಮೇಲೆ ಆಗಸ್ಟ್ ಕೊನೆಗೆ ಜವಾರಿ ಅವರೆ, ಸೆಪ್ಟೆಂಬರ್ ಕೊನೆಗೆ ಅಲಸಂದಿ ಊರಿ. ಸ್ವಲ್ಪ ನೀರಿನ ಅನುಕೂಲವಿದ್ದರೆ ಸೆಪ್ಟೆಂಬರಿನಲ್ಲಿ ಗಜ್ಜರಿ, ಅಕ್ಟೋಬರಿನಲ್ಲಿ ಬಟಾಣಿ, ಹಬ್ಬಕ್ಕೆ ಒಂದು ತಿಂಗಳ ಮೊದಲು ಮೆಂತ್ಯೆ ಮತ್ತು ಪಾಲಕ ಬಿತ್ತಿ.

ಒಂದು ವಿಷಯ ನೆನಪಿಡಿ. ಎಳ್ಳ ಅಮಾವಾಸ್ಯೆ 2024ರಲ್ಲಿ ಜನವರಿ 11ರಂದು ಬಂದು, ಮತ್ತೆ ಅದೇ ವರ್ಷ ಡಿಸೆಂಬರ್ 30ರಂದು ಬಂದಿತು. 2025ರಲ್ಲಿ ಡಿಸೆಂಬರ್ 19ಕ್ಕೇ ಬಂದಿತು. ಆದ್ದರಿಂದ ಪಂಚಾಂಗ ನೋಡಿ ಹಬ್ಬದ ದಿನದಿಂದ ಹಿಂದಕ್ಕೆ ಎಣಿಸಬೇಕು. ಅಲಸಂದಿ, ಬಟಾಣಿ, ಸೊಪ್ಪುಗಳನ್ನು ಹತ್ತು ದಿನದ ಅಂತರದಲ್ಲಿ ಎರಡು ಸಲ ಬಿತ್ತಿದರೆ ಯಾವುದಾದರೂ ಒಂದು ಹಬ್ಬಕ್ಕೆ ಒದಗುತ್ತದೆ.

ಮಕ್ಕಳ ಕೈಯಲ್ಲಿನ ಹಸಿ ಕಡಲೆ

ಹಬ್ಬದ ದಿನ ಮಕ್ಕಳು ಕಡಲೆ ಗಿಡ ಕಿತ್ತು ಹಸಿಯಾಗಿಯೇ ತಿನ್ನುತ್ತಾರೆ. ಕಾಯಿಕೊರಕದ ಹಾವಳಿಯೂ ಇದೇ ಸಮಯಕ್ಕೆ ಇರುವುದರಿಂದ ಹಬ್ಬದ ಹಿಂದಿನ ವಾರವೇ ಕ್ರಿಮಿನಾಶಕ ಸಿಂಪಡಿಸುವುದುಂಟು. ಇದು ಅಪಾಯಕರ. ಔಷಧದ ಡಬ್ಬಿಯ ಚೀಟಿಯಲ್ಲಿ ಸಿಂಪರಣೆಗೂ ಕೊಯ್ಲಿಗೂ ನಡುವೆ ಎಷ್ಟು ದಿನ ಕಾಯಬೇಕೆಂದು ನಮೂದಿಸಿರುತ್ತದೆ. ಆ ಅವಧಿ ಮುಗಿಯದ ಬೆಳೆಯ ಕಾಯಿಯನ್ನು ಭಜ್ಜಿಗೆ ಬಳಸಬೇಡಿ, ಮಕ್ಕಳನ್ನು ಅದರೊಳಗೆ ಬಿಡಬೇಡಿ. ಪಕ್ಕದ ಹೊಲದವರಿಗೂ ತಿಳಿಸಿ.

ಹಬ್ಬದ ಹತ್ತು ಗುಂಟೆಗೆ ಶೇಕಡಾ 5ರ ಬೇವಿನ ಬೀಜದ ಕಷಾಯವನ್ನು ಮೊಗ್ಗು ಮೂಡುವ ಹಂತದಲ್ಲಿ ಸಿಂಪಡಿಸಿದರೆ ಒಳ್ಳೆಯದು. 5 ಕಿಲೋ ಬೀಜದ ಪುಡಿಯನ್ನು ರಾತ್ರಿ ನೀರಿನಲ್ಲಿ ನೆನೆಸಿ, ಬೆಳಿಗ್ಗೆ ಸೋಸಿ, ಒಟ್ಟು 100 ಲೀಟರ್ ಮಾಡಿಕೊಳ್ಳಬೇಕು. ಎಕರೆಗೆ 8ರಿಂದ 10ರಂತೆ ಕವೆಕೋಲು ನೆಟ್ಟರೆ ಹಕ್ಕಿಗಳು ಕುಳಿತು ಕೀಡೆ ಆರಿಸುತ್ತವೆ. ಹಕ್ಕಿಗಳನ್ನು ಕರೆಯಲು ಕಡಲೆ ಹೊಲದಲ್ಲಿ ಚುರಮುರಿ ಎರಚಿರೆಂದು ನಾವು ಇಂದು ಸಲಹೆ ಕೊಡುತ್ತೇವೆ. ಚರಗ ಚೆಲ್ಲುವಾಗಲೂ ಹಕ್ಕಿಗಳು ಬರುತ್ತವೆ. ಚರಗದೊಂದಿಗೆ ಹೊಲ ಸುತ್ತುವಾಗಲೇ ಕಡಲೆ ಸಾಲನ್ನು ಬಗ್ಗಿ ನೋಡಿ. ಮೀಟರ್ ಸಾಲಿಗೆ ಒಂದು ಕೀಡೆ ಕಂಡರೆ ಹತೋಟಿ ಕ್ರಮ ಅಗತ್ಯ.

ಉಣ್ಣುವ ಮೊದಲು ಬೀಜ

ಭಜ್ಜಿಗೆ ಕಾಯಿ ಬಿಡಿಸುವ ಮೊದಲು ಒಳ್ಳೆಯ ಅವರೆ, ಅಲಸಂದಿ, ತೊಗರಿ ಗಿಡಗಳಿಗೆ ಬಣ್ಣದ ದಾರ ಕಟ್ಟಿ ಬೀಜಕ್ಕೆ ಬಿಡಿ. ಚೆನ್ನಾಗಿ ಒಣಗಿಸಿ ಬೂದಿ ಅಥವಾ ಬೇವಿನ ಎಲೆಯೊಡನೆ ಗಡಿಗೆಯಲ್ಲಿ ತುಂಬಿಡಿ. ಸಜ್ಜೆ ಪರಕೀಯ ಪರಾಗಸ್ಪರ್ಶದ ಬೆಳೆಯಾದ್ದರಿಂದ ಪಾಲಿನ ನಡುವಿನ ಹಲವು ಗಿಡಗಳ ತೆನೆಗಳನ್ನು ಕೂಡಿಸಿ ಬೀಜ ಮಾಡಿಕೊಳ್ಳಬೇಕು. ಹೆಚ್ಚಿನ ಮಾಹಿತಿಗೆ ಬೀದರಿನ ಕೃಷಿ ವಿಜ್ಞಾನ ಕೇಂದ್ರವನ್ನು ಸಂಪರ್ಕಿಸಬಹುದು.

ಊಟಕ್ಕೆ ಬಂದ ನೆಂಟರಿಗೆ ಬುತ್ತಿಯೊಡನೆ ಒಂದು ಹಿಡಿ ಬೀಜವನ್ನೂ ಕಟ್ಟಿಕೊಡಿ. ನಿಮ್ಮಲ್ಲಿ ಮಳೆ ಕೈಕೊಟ್ಟ ವರ್ಷ ಅದೇ ಬೀಜ ಅವರ ಮನೆಯಿಂದ ನಿಮ್ಮ ಹೊಲಕ್ಕೆ ಹಿಂತಿರುಗೀತು.

ಭಾಲ್ಕಿಯ ಆ ತಾಯಿಯ ಮನೆಯವರು ಮರುವರ್ಷ ಒಡ್ಡಿಗೆ ಅವರೆ, ಅಲಸಂದಿ ಊರಿದರು. ಅಂದು ಮತ್ತೆ ಲೆಕ್ಕ ಹಾಕಿದಾಗ ಎರಡು ಇದ್ದದ್ದು ನಾಲ್ಕಾಗಿತ್ತು. “ಇನ್ನ ಸಜ್ಜಿ ಒಂದ್ ಬಿತ್ತಬೇಕ್ರಿ” ಎಂದರು. ನೀವೂ ಈ ವರ್ಷ ಒಂದು ಸಾಲಿನಿಂದಲಾದರೂ ಪ್ರಾರಂಭಿಸಿರಿ.