ಮನೆ ಬಾಗಿಲಿಗೆ ಬರುವ ಕೆಲಸ

ಗೋಕಾಕ, ಮೂಡಲಗಿ, ಹುಕ್ಕೇರಿಗಳ ಕಾಲೇಜು ವಿದ್ಯಾರ್ಥಿಗಳ ಫೋನಿಗೆ “ಮನೆಯಲ್ಲೇ ಕುಳಿತು ದಿನಕ್ಕೆ ಮೂರು ಸಾವಿರ ಗಳಿಸಿರಿ” ಎಂಬ ಸಂದೇಶ ಬರುವುದು ಈಗ ಅಪರೂಪವಲ್ಲ. ಎಲ್ಲವೂ ಸುಳ್ಳೆಂದು ತಳ್ಳಿಬಿಡುವುದು ಸುಲಭ. ಆದರೆ ಅಂತರಜಾಲದ ಮೂಲಕ ಮನೆಗೇ ಬರುವ ನಿಜವಾದ ಕೆಲಸವೂ ಉಂಟು. ಎರಡನ್ನೂ ಬೇರ್ಪಡಿಸುವ ಬಗೆ ಹೇಗೆ?

ಮನೆಯಲ್ಲಿ ಕುಳಿತು ಕೂಲಿಗೆ ದುಡಿಯುವುದು ಈ ಸೀಮೆಗೆ ಹೊಸತೇನೂ ಅಲ್ಲ. ಗೋಕಾಕದ ಮರದ ಬೊಂಬೆಗಳು ಕುಶಲಕರ್ಮಿಗಳ ಮನೆಗಳಲ್ಲೇ ಬಣ್ಣ ತಳೆದವು. ಹುಕ್ಕೇರಿಗೆ ದೂರವಲ್ಲದ ನಿಪ್ಪಾಣಿಯಲ್ಲಿ ಹೆಂಗಸರು ಮನೆಯಲ್ಲೇ ಬೀಡಿ ಕಟ್ಟಿದರು. 1966ರ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯಿದೆಯು ಇಂಥವರನ್ನೂ ನೌಕರರೆಂದೇ ಎಣಿಸಿತು. ಅದು ಹೇಳಿದ ಲಕ್ಷಣ ನಮಗೆ ಇಂದಿಗೂ ಉಪಯುಕ್ತ: ಕಚ್ಚಾ ಸಾಮಗ್ರಿಯನ್ನು ಕೊಡುವವನು ಮಾಲೀಕ ಅಥವಾ ಗುತ್ತಿಗೆದಾರ, ಅದನ್ನು ಪಡೆದು ಮನೆಯಲ್ಲಿ ದುಡಿಯುವವನು ಕೆಲಸಗಾರ.

ಬೆಂಗಳೂರಿನ ‘ಕಾರ್ಯ’ ಎಂಬ ಸಂಸ್ಥೆಯನ್ನು ನೋಡೋಣ. 2023ರಲ್ಲಿ ಅದು ನಮ್ಮ ರಾಜ್ಯದ ಕೆಲವು ಹಳ್ಳಿಗಳವರಿಗೆ ಫೋನಿನಲ್ಲಿ ಕನ್ನಡ ವಾಕ್ಯಗಳನ್ನು ತೋರಿಸಿ, ಗಟ್ಟಿಯಾಗಿ ಓದಿಸಿ, ಧ್ವನಿಯನ್ನು ಮುದ್ರಿಸಿಕೊಂಡು, ಗಂಟೆಗೆ ಸುಮಾರು 5 ಡಾಲರಿನಂತೆ ಕೂಲಿ ಕೊಟ್ಟಿತು. ಧ್ವನಿಗೆ ಬೆಲೆಯೇಕೆ? ಮಾತನ್ನು ಅಕ್ಷರಕ್ಕಿಳಿಸುವ ಯಂತ್ರವು ವ್ಯಾಕರಣವನ್ನೋದಿ ಕಲಿಯುವುದಿಲ್ಲ. ಅಸಂಖ್ಯ ಧ್ವನಿಮುದ್ರಣಗಳನ್ನು ಅವುಗಳ ಬರಹದೊಡನೆ ಹೋಲಿಸಿ ಕಲಿಯುತ್ತದೆ. ಮೈಸೂರಿನ ‘ಎಲ್ಲಿಗೆ ಹೋಗ್ತಿದ್ದೀಯ?’ ಎಂಬುದನ್ನಷ್ಟೇ ಕೇಳಿದ ಯಂತ್ರಕ್ಕೆ ಮೂಡಲಗಿಯ ‘ಎಲ್ಲಿ ಹೊಂಟಿ?’ ತೊಡಕಾಗುತ್ತದೆ. ಬರಿಯ ಆಡುಮಾತೆಂದು ನಾವು ಕಡೆಗಣಿಸಿದ್ದೇ ಇಲ್ಲಿ ಬೆಲೆಯುಳ್ಳ ಸರಕು! ಆದರೆ ಇದು ಕೆಲಕಾಲದ ಕೆಲಸ. ಬೇಕಾದಷ್ಟು ಧ್ವನಿ ಕೂಡಿದೊಡನೆ ಮುಗಿಯುತ್ತದೆ. ಗಮನಿಸಿರಿ, ವಾಕ್ಯಗಳನ್ನು ಕೊಟ್ಟದ್ದು ಸಂಸ್ಥೆ, ಹಣವನ್ನು ಕೊಟ್ಟದ್ದೂ ಸಂಸ್ಥೆಯೇ.

ಮೋಸದ ಕೆಲಸದಲ್ಲಿ ಈ ಪ್ರವಾಹ ಹಿಮ್ಮುಖವಾಗುತ್ತದೆ. ವಿಡಿಯೊ ಮೆಚ್ಚುವ, ಹೋಟೆಲುಗಳಿಗೆ ಅಂಕ ಕೊಡುವ ಹಗುರ ಕೆಲಸಕ್ಕೆ ಮೊದಲ ದಿನ 150 ರೂಪಾಯಿ ನಿಜವಾಗಿಯೇ ಬಂತೆನ್ನೋಣ. ಅದು ಗಾಳದ ಹುಳು. ಮರುದಿನ 1,000 ಕಟ್ಟಿದರೆ 1,300 ಬರುತ್ತದೆ. ಆಮೇಲೆ 20,000 ಕಟ್ಟಿದಾಗ ಪರದೆಯ ಮೇಲೆ 28,000 ಎಂದು ಹೊಳೆಯುತ್ತದೆ. ತೆಗೆಯಹೋದರೆ ‘ಮೊದಲು ತೆರಿಗೆ ಕಟ್ಟಿ’ ಎನ್ನುತ್ತಾರೆ. ಆ 28,000 ಹಣವಲ್ಲ, ಅವರೇ ಬರೆದ ಅಂಕೆ. 2023ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರವು ಇಂಥ ನೂರಕ್ಕೂ ಹೆಚ್ಚು ಜಾಲತಾಣಗಳನ್ನು ತಡೆಹಿಡಿಯಿತು.

ಕೆಲಸ ಅರಸುವವರು 2015ರಲ್ಲಿ ಆರಂಭವಾದ ಕೇಂದ್ರದ ರಾಷ್ಟ್ರೀಯ ವೃತ್ತಿ ಸೇವೆಯಲ್ಲಿ ಶುಲ್ಕವಿಲ್ಲದೆ ಹೆಸರು ನೋಂದಾಯಿಸಬಹುದು. ಜಾಲತಾಣದ ವಿಳಾಸವನ್ನು ಮಾತ್ರ ಬಲದಿಂದ ಎಡಕ್ಕೆ ಓದಬೇಕು. ಮೊದಲ ಒಂಟಿ ಓರೆಗೆರೆಗೆ ಮುಂಚಿನ ಭಾಗವು ‘ಡಾಟ್ ಗವ್ ಡಾಟ್ ಇನ್’ ಎಂದು ಕೊನೆಗೊಂಡರೆ ಅದು ಸರ್ಕಾರದ್ದು. ‘ಗವ್’ ನಡುವೆಲ್ಲೋ ಅಡಗಿ ಕೊನೆಯಲ್ಲಿ ಬೇರೆ ಹೆಸರಿದ್ದರೆ ಆ ತಾಣ ಬೇರೆಯವರದು. ಇನ್ನು ಯುಪಿಐಯಲ್ಲಿ ಹಣ ಪಡೆಯುವವರು ಪಿನ್ ಒತ್ತಬೇಕಾಗಿಯೇ ಇಲ್ಲ. ಸಂಬಳ ಹಾಕುತ್ತೇವೆಂದು ಪಿನ್ ಕೇಳಿದರೆ, ಹಣ ಹೊರಡಲಿದೆಯೆಂದೇ ಅರ್ಥ.

ಹಣ ಹೋಗಿಯೇಬಿಟ್ಟಿದ್ದರೆ ನಾಚಿ ಬಚ್ಚಿಡದೆ ಕೂಡಲೆ 1930ಕ್ಕೆ ಕರೆಮಾಡಬೇಕು. ವಂಚಕರು ಹಣವನ್ನು ಖಾತೆಯಿಂದ ಖಾತೆಗೆ ದಾಟಿಸುತ್ತ ಹೋಗುತ್ತಾರೆ. ಅದಿನ್ನೂ ಯಾವುದಾದರೊಂದು ಬ್ಯಾಂಕಿನಲ್ಲಿರುವಾಗಲೇ ದೂರು ಮುಟ್ಟಿದರೆ ಅಲ್ಲಿಯೇ ತಡೆಹಿಡಿಯಬಹುದು. ಆ ನಡುವಣ ಖಾತೆಗಳಲ್ಲಿ ಕೆಲವು, ಅಲ್ಪಸ್ವಲ್ಪ ದಲ್ಲಾಳಿಯ ಆಸೆಗೆ ಅಪರಿಚಿತರಿಗೆ ತಮ್ಮ ಖಾತೆಯನ್ನು ಒಪ್ಪಿಸಿದ ವಿದ್ಯಾರ್ಥಿಗಳವು. ವಿಚಾರಣೆಗೆಂದು ಹೊರಟ ಪೊಲೀಸರಿಗೆ ಮೊದಲು ಸಿಕ್ಕುವುದು ಅವರ ಮನೆಯ ವಿಳಾಸವೇ.