ಯಾವ ಪ್ರಶ್ನೆಗೆ ಯಾವ ಪರೀಕ್ಷೆ? ಗೋವಾದ ಕನ್ನಡ ಮಕ್ಕಳ ಓದನ್ನು ಅಳೆಯುವಾಗ

ಧ್ವನಿ ಕೇಳಿಸ್ತಿದೆ ಅಂದುಕೊಂಡು ಶುರು ಮಾಡ್ತೇನೆ. ಸಾಹಿತ್ಯದ ವಿದ್ಯಾರ್ಥಿಗೆ ಸಂಖ್ಯಾಶಾಸ್ತ್ರ ಯಾಕೆ ಅಂತ ಕೆಲವರಿಗೆ ಅನ್ನಿಸಬಹುದು. 2011ರ ಜನಗಣತಿಯ ಪ್ರಕಾರ ಗೋವಾದ ಜನರಲ್ಲಿ ಸುಮಾರು ಶೇ. 4.6ರಷ್ಟು ಮಂದಿಯ ಮಾತೃಭಾಷೆ ಕನ್ನಡ. ವಾಸ್ಕೋ, ಝುವಾರಿನಗರದ ಕಡೆ ಎಷ್ಟೋ ಮಕ್ಕಳಿಗೆ ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಕೊಂಕಣಿ ಅಥವಾ ಹಿಂದಿ, ಶಾಲೆಯಲ್ಲಿ ಇನ್ನೊಂದು ಭಾಷೆ. ಇವರ ಕನ್ನಡ ಓದಿನ ಬಗ್ಗೆ ಬರೆಯಲು ಹೊರಟಾಗ ನಾವು ಮನೋವಿಜ್ಞಾನದ ಅಳತೆಗಳನ್ನೇ ಬಳಸುತ್ತೇವೆ. ಅಳೆದ ಮೇಲೆ ತಪ್ಪು ಪರೀಕ್ಷೆ ಹಾಕಿದರೆ, ತಪ್ಪು ತೀರ್ಮಾನ ಬೀಳುವುದು ಮಕ್ಕಳ ತಲೆಯ ಮೇಲೆ.

ಪರೀಕ್ಷೆ ಆರಿಸುವ ಮೊದಲು ಮೂರು ಪ್ರಶ್ನೆ ಕೇಳಿಕೊಳ್ಳಬೇಕು.

ಮೊದಲನೆಯದು, ನನ್ನ ಬಳಿ ಇರುವುದು ಎಂಥ ಅಳತೆ? ಸ್ಟೀವನ್ಸ್ 1946ರಲ್ಲಿ ಮಾಡಿದ ವಿಂಗಡಣೆ ಇಲ್ಲಿ ನೆರವಿಗೆ ಬರುತ್ತದೆ. 'ಮನೆಯಲ್ಲಿ ಕನ್ನಡ ಪುಸ್ತಕ ಇದೆ, ಇಲ್ಲ' ಎನ್ನುವುದು ಬರೀ ಗುಂಪು. ಗುಂಪು ಗುಂಪುಗಳ ಎಣಿಕೆಯನ್ನು ಹೋಲಿಸಲು ಕಾರ್ಲ್ ಪಿಯರ್ಸನ್ 1900ರಲ್ಲಿ ಕೊಟ್ಟ ಕೈ-ವರ್ಗ ಪರೀಕ್ಷೆ ಸಾಕು. 'ಚೆನ್ನಾಗಿ, ಸಾಧಾರಣ, ಕಷ್ಟಪಟ್ಟು ಓದುತ್ತದೆ' ಎನ್ನುವುದು ಶ್ರೇಣಿ. ಅಲ್ಲಿ ಮೆಟ್ಟಿಲುಗಳಿವೆ, ಆದರೆ ಮೆಟ್ಟಿಲುಗಳ ಎತ್ತರ ಒಂದೇ ಎನ್ನಲಾಗದು. ನಿಮಿಷಕ್ಕೆ ಎಷ್ಟು ಪದ ಓದಿತು ಎನ್ನುವುದು ನಿಜವಾದ ಸಂಖ್ಯೆ, ಅದರ ಸರಾಸರಿಗೆ ಅರ್ಥವಿದೆ.

ಎರಡನೆಯದು, ನಾನು ಹುಡುಕುತ್ತಿರುವುದು ವ್ಯತ್ಯಾಸವನ್ನೋ ಸಂಬಂಧವನ್ನೋ? ಎರಡು ಶ್ರೇಣಿಗಳ ನಡುವಿನ ಸಂಬಂಧಕ್ಕೆ ಸ್ಪಿಯರ್‌ಮನ್ 1904ರಲ್ಲಿ ದಾರಿ ತೋರಿಸಿದರು. ಇವರು ನಮಗೆ ತೀರಾ ದೂರದವರಲ್ಲ. ಮೈಸೂರು ವಿಶ್ವವಿದ್ಯಾನಿಲಯದ ಮನಃಶಾಸ್ತ್ರ ವಿಭಾಗವನ್ನು ಕಟ್ಟಿದ, 1935ರಲ್ಲಿ ಮೈಸೂರಿನಲ್ಲಿ 'ಆಕಾಶವಾಣಿ' ಬಾನುಲಿ ಆರಂಭಿಸಿದ ಎಂ. ವಿ. ಗೋಪಾಲಸ್ವಾಮಿ ಲಂಡನ್ನಿನಲ್ಲಿ ಸ್ಪಿಯರ್‌ಮನ್ ಅವರ ಬಳಿಯೇ ತರಬೇತಿ ಪಡೆದವರು.

ಮೂರನೆಯದು, ಹೋಲಿಸುತ್ತಿರುವುದು ಬೇರೆ ಬೇರೆ ಮಕ್ಕಳನ್ನೋ, ಅದೇ ಮಕ್ಕಳನ್ನು ಎರಡು ಸಲವೋ? ನಾನು ಎಡವಿದ್ದು ಇಲ್ಲೇ. ಲೆಕ್ಕಕ್ಕಾಗಿ ಕಟ್ಟಿದ ಅಂಕಿಗಳಲ್ಲಿ ತೋರಿಸ್ತೇನೆ. ಆರು ಮಕ್ಕಳು, ಕೆಲವು ವಾರ ಕಥೆ ಓದಿಸುವ ಮೊದಲು ನಿಮಿಷಕ್ಕೆ 12, 20, 28, 35, 41, 50 ಪದ ಓದಿದರು ಅಂತಿಟ್ಟುಕೊಳ್ಳಿ. ಆಮೇಲೆ ಅದೇ ಕ್ರಮದಲ್ಲಿ 15, 22, 32, 38, 46, 53. ಸರಾಸರಿ 31ರಿಂದ 34.3ಕ್ಕೆ ಏರಿತು.

ಇವನ್ನು ಎರಡು ಪ್ರತ್ಯೇಕ ಗುಂಪುಗಳೆಂದು ತಿಳಿದು ಟಿ-ಪರೀಕ್ಷೆ ಮಾಡಿದರೆ ಟಿ ಬೆಲೆ ಬರೀ 0.4, ಅಂದರೆ ಏನೂ ಸಿಗಲಿಲ್ಲ. 12 ಪದದ ಮಗುವಿಗೂ 50 ಪದದ ಮಗುವಿಗೂ ಇರುವ ದೊಡ್ಡ ಅಂತರದಲ್ಲಿ ಮೂರು ಪದದ ಏರಿಕೆ ಮುಳುಗಿಹೋಗುತ್ತದೆ. ಜೋಡಿ ಟಿ-ಪರೀಕ್ಷೆ ಪ್ರತಿ ಮಗುವನ್ನು ಅದರ ಜೊತೆಗೇ ಹೋಲಿಸುತ್ತದೆ. ವ್ಯತ್ಯಾಸಗಳು 3, 2, 4, 3, 5, 3. ಈಗ ಟಿ ಬೆಲೆ ಸುಮಾರು 7.9. ಅಂಕಿಗಳು ಅವೇ, ತೀರ್ಮಾನ ಮಾತ್ರ ತಲೆಕೆಳಗು!

ವ್ಯತ್ಯಾಸಗಳ ಹಂಚಿಕೆ ಸಾಮಾನ್ಯ ಹಂಚಿಕೆಯಂತೆ ಇಲ್ಲದಿದ್ದರೂ ಎರಡೂ ಕಡೆ ಸುಮಾರಾಗಿ ಸಮವಾಗಿದ್ದರೆ ವಿಲ್ಕಾಕ್ಸನ್ ಪರೀಕ್ಷೆ ಇದೆ. ಇನ್ನೂ ಸುಲಭವಾದ ಚಿಹ್ನೆ ಪರೀಕ್ಷೆಯನ್ನು ಕೈಯಲ್ಲೇ ಮಾಡಬಹುದು. ಏರಿಕೆ, ಇಳಿಕೆ ಎರಡೂ ಬರೀ ಆಕಸ್ಮಿಕವಾಗಿದ್ದರೆ, ಆರೂ ಮಕ್ಕಳು ಒಂದೇ ದಿಕ್ಕಿಗೆ ಹೋಗುವ ಸಂಭವ 64ರಲ್ಲಿ 2, ಅಂದರೆ ಸುಮಾರು 0.03. ಬೇರೆ ಬೇರೆ ಮಕ್ಕಳ ಎರಡು ಗುಂಪುಗಳ ಶ್ರೇಣಿಗಳನ್ನು ಹೋಲಿಸಬೇಕಾದರೆ ಮಾನ್-ವಿಟ್ನಿ ಪರೀಕ್ಷೆ, ಮೂರು ಅಥವಾ ಹೆಚ್ಚು ಗುಂಪುಗಳಿದ್ದರೆ ಕ್ರಸ್ಕಲ್-ವ್ಯಾಲಿಸ್.

ನನ್ನ ಮೊದಲ ಕರಡಿನಲ್ಲಿ ಜೋಡಿಗಳನ್ನು ಬಿಡಿಸಿ, 'ಕಥೆ ಓದಿಸುವುದರಿಂದ ಪ್ರಯೋಜನ ಕಾಣಲಿಲ್ಲ' ಎಂದು ಬರೆದಿದ್ದೆ. ಆ ವಾಕ್ಯ ಹಾಗೇ ಹೊರಗೆ ಹೋಗಿದ್ದರೆ, ಭಾನುವಾರ ಪುಕ್ಕಟೆಯಾಗಿ ಮಕ್ಕಳಿಗೆ ಕನ್ನಡ ಓದಿಸುವವರ ಉತ್ಸಾಹಕ್ಕೆ ನಾನೇ ನೀರೆರಚಿದಂತೆ ಆಗುತ್ತಿತ್ತು. ಪರೀಕ್ಷೆ ಏನನ್ನೂ ಹಿಡಿಯಲಿಲ್ಲ ಎಂದರೆ ಅಲ್ಲಿ ಏನೂ ಇಲ್ಲ ಎಂದಲ್ಲ. ಅದು ಇನ್ನೊಂದು ಪಾಠ.

ಹಾಗಂತ ಸರಿಯಾದ ಪರೀಕ್ಷೆ ಎಲ್ಲವನ್ನೂ ಹೇಳಿಬಿಡುವುದಿಲ್ಲ. ಮಕ್ಕಳು ಕಥೆಯಿಂದಲೇ ಸುಧಾರಿಸಿದರೋ, ಅಥವಾ ಅದೇ ಪದಪಟ್ಟಿಯನ್ನು ಎರಡನೇ ಸಲ ನೋಡಿದ್ದಕ್ಕೋ? ಅದಕ್ಕೆ ಕಥೆ ಕೇಳದ ಇನ್ನೊಂದು ಗುಂಪು ಬೇಕು. ಒಂದೇ ಮನೆಯ ಅಕ್ಕ-ತಮ್ಮಂದಿರನ್ನು ಪೂರ್ತಿ ಸ್ವತಂತ್ರ ಉದಾಹರಣೆಗಳೆಂದು ಎಣಿಸುವುದೂ ತಪ್ಪು. ಕನ್ನಡದಲ್ಲಿ ಗುಣಿತಾಕ್ಷರ, ಒತ್ತಕ್ಷರಗಳ ಕಲಿಕೆ ವರ್ಷಗಟ್ಟಲೆ ನಡೆಯುವುದರಿಂದ ಮಕ್ಕಳ ತರಗತಿಯನ್ನೂ ಗಮನಿಸಬೇಕು.

ಆದ್ದರಿಂದ ನನ್ನ ವಿನಂತಿ ಇಷ್ಟೇ. ಅಂಕಿ ಕೂಡಿಹಾಕಿ, ಆಮೇಲೆ ಸಾಫ್ಟ್‌ವೇರ್ ತೆರೆದು ಯಾವ ಗುಂಡಿ ಒತ್ತಲಿ ಅಂತ ನೋಡಬೇಡಿ. ಪ್ರಶ್ನೆ, ಅಳತೆ, ಹೋಲಿಕೆ, ಮೂರನ್ನೂ ಮೊದಲೇ ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ. ಪರೀಕ್ಷೆಯ ಹೆಸರು ಬಹುಪಾಲು ಆ ಹಾಳೆಯಲ್ಲೇ ಸಿಗುತ್ತದೆ. ಈಗ ನಿಮ್ಮ ಪ್ರಶ್ನೆಗಳನ್ನು ಕೇಳಿ.