ರಬ್ಬರಿನ ಬೆನ್ನು ಹತ್ತಿದ ಕ್ಲಿಪ್ಪು

ಹದಿನೈದಿಪ್ಪತ್ತು ವರ್ಷ ಓಡಿದ ಕಾರಿನ ಬಾನೆಟ್ ಎತ್ತಿದರೆ, ರೇಡಿಯೇಟರ್ ಹೋಸಿನ ಒಂದು ತುದಿಗೆ ಕಾರ್ಖಾನೆಯಿಂದಲೇ ಬಂದ ಸ್ಪ್ರಿಂಗ್ ಕ್ಲಿಪ್ಪು, ಇನ್ನೊಂದು ತುದಿಗೆ ಯಾವುದೋ ಗ್ಯಾರೇಜಿನಲ್ಲಿ ಹಾಕಿದ ಸ್ಕ್ರೂ ಕ್ಲಿಪ್ಪು ಕಾಣಸಿಗುವುದು ಅಪರೂಪವೇನಲ್ಲ. ನೀರು ಜಿನುಗಿತೆಂದರೆ ಮೊದಲು ಸ್ಪ್ರಿಂಗಿನದನ್ನು ಕಿತ್ತು ಬಿಸಾಡಿ, ಸ್ಕ್ರೂಡ್ರೈವರಿನಿಂದ ತಿರುಗಿಸಿ ಬಿಗಿಯುವಂಥದ್ದನ್ನು ಹಾಕುವುದು ರೂಢಿ. ಕಂಪನಿಯವರು ಕಾಸು ಉಳಿಸಲು ಸಡಿಲ ಮಾಲು ಹಾಕಿ ಕಳಿಸಿದ್ದಾರೆ, ನಾವು ಗಟ್ಟಿ ಮಾಲು ಹಾಕಿದೆವು ಎಂಬ ಸಮಾಧಾನ ಬೇರೆ. ಆದರೆ ಈ ಎರಡೂ ಕ್ಲಿಪ್ಪುಗಳು ಯಾಕೆ ಹುಟ್ಟಿದವು ಎಂದು ನೋಡಿದರೆ ಈ ಲೆಕ್ಕ ತಲೆಕೆಳಗಾಗುತ್ತದೆ. ಸೋರದಂತೆ ತಡೆಯುವುದು ಬಿಗಿ ಅಲ್ಲ, ರಬ್ಬರು ಬದಲಾದಂತೆಲ್ಲ ಅದರ ಜೊತೆಗೇ ಬದಲಾಗುವ ಹಿಡಿತ.

ಚಾರ್ಲ್ಸ್ ಗುಡ್‌ಇಯರ್ 1844ರಲ್ಲಿ ಪೇಟೆಂಟ್ ಪಡೆದ ವಲ್ಕನೈಸೇಷನ್ ಇಲ್ಲದಿದ್ದರೆ ಎಂಜಿನ್ ಪಕ್ಕದಲ್ಲಿ ರಬ್ಬರಿಗೆ ಜಾಗವೇ ಇರುತ್ತಿರಲಿಲ್ಲ. ಗಂಧಕ ಬೆರೆಸಿ ಬೇಯಿಸಿದ ಮೇಲೆ ರಬ್ಬರು ಬಿಸಿಲಿಗೆ ಕರಗುವುದು, ಚಳಿಗೆ ಸೆಟೆಯುವುದು ನಿಂತಿತು. ನಿಲ್ಲದೇ ಉಳಿದದ್ದು ಒಂದೇ ದುರ್ಗುಣ: ಕಾವಿನಲ್ಲಿ ಬಹಳ ಕಾಲ ಒತ್ತಿ ಹಿಡಿದರೆ ಅದು ಅದುಮಿಕೊಂಡ ಹಾಗೇ ಇದ್ದುಬಿಡುತ್ತದೆ, ಮೊದಲಿನ ದಪ್ಪಕ್ಕೆ ಮರಳುವುದಿಲ್ಲ. ಬ್ರಿಟಿಷ್ ನೌಕಾಪಡೆಯಲ್ಲಿ ಕಮಾಂಡರ್ ಆಗಿದ್ದ ಲಮ್ಲಿ ರಾಬಿನ್ಸನ್ 1921ರಲ್ಲಿ ಪೇಟೆಂಟ್ ಪಡೆದ ಜೂಬಿಲಿ ಕ್ಲಿಪ್ ಈ ದುರ್ಗುಣಕ್ಕೆ ಒಳ್ಳೆಯ ಉತ್ತರವಾಗಿತ್ತು. ಉಕ್ಕಿನ ಪಟ್ಟಿಯ ಮೇಲೆ ಓರೆ ಗೆರೆಗಳು, ಆ ಗೆರೆಗಳಲ್ಲಿ ಹಲ್ಲು ಕಚ್ಚಿ ತಿರುಗುವ ಸ್ಕ್ರೂ. ತಿರುಗಿಸಿದಷ್ಟೂ ಪಟ್ಟಿ ಸುತ್ತಲೂ ಒಂದೇ ಸಮನಾಗಿ ಕಿರಿದಾಗುತ್ತದೆ. ಕೂದಲೆಳೆಯಷ್ಟು ಬೇಕೆಂದರೆ ಅಷ್ಟೇ. ಇಂಗ್ಲೆಂಡಿನ ಕೆಂಟ್ ಪ್ರಾಂತ್ಯದ ಗಿಲ್ಲಿಂಗ್‌ಹ್ಯಾಮ್ ಊರಲ್ಲಿ ತಯಾರಾದ ಈ ಕ್ಲಿಪ್ಪಿನ ಗೆರೆಗಳು ಒತ್ತಿ ಮೂಡಿಸಿದವು, ಪಟ್ಟಿಯನ್ನು ತೂತು ಮಾಡಿದವಲ್ಲ. ಈಗಿನ ಅಗ್ಗದ ನಕಲುಗಳಲ್ಲಿ ಗೆರೆಯ ಬದಲು ಸೀಳುಗಂಡಿ ಇರುತ್ತದೆ. ಬಿಗಿದಾಗ ರಬ್ಬರು ಆ ಗಂಡಿಗಳೊಳಗೆ ಉಬ್ಬಿ ಕತ್ತರಿಸಿಕೊಳ್ಳುತ್ತದೆ. ಹಳೆಯ ಹೋಸ್ ಬಿಚ್ಚಿ ನೋಡಿದರೆ ಕ್ಲಿಪ್ ಕೂತಿದ್ದ ಜಾಗದಲ್ಲಿ ಸಾಲಾಗಿ ಮೂಡಿದ ಗಾಯಗಳು ಬೆರಳಿಗೇ ತಗಲುತ್ತವೆ.

ಆ ಕಾಲದ ಎಂಜಿನ್ನಿಗೆ ಜೂಬಿಲಿ ಕ್ಲಿಪ್ ಸರಿಯಾಗಿಯೇ ಹೊಂದುತ್ತಿತ್ತು. ನೀರಿನ ಮೇಲೆ ಒತ್ತಡ ಕಡಿಮೆ, ರಬ್ಬರು ದಪ್ಪ, ಹೋಸ್ ತೊಡಿಸುವ ಮೂತಿ ಲೋಹದ್ದು. ಜಿನುಗಿದರೆ ಮಾಲೀಕನೇ ಅರ್ಧ ಸುತ್ತು ತಿರುಗಿಸುತ್ತಿದ್ದ. ಮಾರಿಸ್ ಆಕ್ಸ್‌ಫರ್ಡ್‌ನಿಂದ ಹುಟ್ಟಿದ ನಮ್ಮ ಅಂಬಾಸಿಡರ್ ಈ ಪರಂಪರೆಯದೇ. ಆಮೇಲೆ ರೇಡಿಯೇಟರ್ ಕ್ಯಾಪಿನ ಒತ್ತಡ ಏರುತ್ತ ಹೋಯಿತು. 7 ಪಿಎಸ್‌ಐ ಕ್ಯಾಪ್ ಇದ್ದರೆ ನೀರು ಸುಮಾರು 111 ಡಿಗ್ರಿಗೆ ಕುದಿಯುತ್ತದೆ, 15 ಪಿಎಸ್‌ಐ ಇದ್ದರೆ ಸುಮಾರು 121ಕ್ಕೆ. ಎಂಜಿನ್ ಹೆಚ್ಚು ಬಿಸಿಯಲ್ಲಿ ಓಡಬಹುದಾಯಿತು, ರೇಡಿಯೇಟರ್ ಚಿಕ್ಕದಾಯಿತು, ಅದರ ಟ್ಯಾಂಕು ಮೂತಿ ಎಲ್ಲ ಪ್ಲಾಸ್ಟಿಕ್ಕಾದವು. ಕಷ್ಟ ಶುರುವಾದದ್ದು ಇಲ್ಲಿಂದ. ಓಡುವಾಗ ಹೋಸ್ ಹಿಗ್ಗಿ ಕ್ಲಿಪ್ಪಿಗೆ ಒತ್ತಿಕೊಳ್ಳುತ್ತದೆ, ರಾತ್ರಿ ತಣ್ಣಗಾದಾಗ ಕುಗ್ಗುತ್ತದೆ. ಸ್ಕ್ರೂ ಕ್ಲಿಪ್ಪು ಮಾತ್ರ ಬಿಗಿದಲ್ಲೇ ನಿಂತಿರುತ್ತದೆ. ಬೆಳಿಗ್ಗೆ ನಾಲ್ಕು ಹನಿ ಕೆಳಗೆ, ಎಂಜಿನ್ ಕಾದ ಮೇಲೆ ಎಲ್ಲ ಒಣ. ಮತ್ತೆ ಬಿಗಿದರೆ ರಬ್ಬರು ಇನ್ನಷ್ಟು ಅದುಮಿಕೊಳ್ಳುತ್ತದೆ, ಕಡೆಗೊಮ್ಮೆ ಪ್ಲಾಸ್ಟಿಕ್ ಮೂತಿಯೇ ಬಿರಿಯುತ್ತದೆ. ಸ್ಪ್ರಿಂಗ್ ಕ್ಲಿಪ್ಪು ಬಂದದ್ದು ಇದಕ್ಕಾಗಿ: ಹೋಸ್ ಹಿಗ್ಗಿದರೆ ತಾನೂ ಹಿಗ್ಗಿ, ಕುಗ್ಗಿದರೆ ತಾನೂ ಕುಗ್ಗಿ, ಯಾರೂ ಮುಟ್ಟದೆಯೇ ಹಿಡಿದುಕೊಂಡಿರುತ್ತದೆ.

ಇದಕ್ಕೆ ಮೆಕ್ಯಾನಿಕ್‌ಗಳ ತಕರಾರು ಇಲ್ಲದಿಲ್ಲ, ಅದು ಸುಳ್ಳೂ ಅಲ್ಲ. ಸ್ಪ್ರಿಂಗ್ ಕ್ಲಿಪ್ ಬಿಚ್ಚಲು ಸರಿಯಾದ ಇಕ್ಕಳ ಬೇಕು, ಕೈ ಹೋಗದ ಮೂಲೆಯಲ್ಲಿ ಅದು ಜಾರಿ ಚಿಮ್ಮುತ್ತದೆ, ತುಕ್ಕು ಹಿಡಿದದ್ದು ಕಸುವು ಕಳೆದುಕೊಂಡಿರುತ್ತದೆ. ನಡುದಾರಿಯಲ್ಲಿ ಕೆಟ್ಟು ನಿಂತವನಿಗೆ ಸ್ಕ್ರೂ ಕ್ಲಿಪ್ಪೇ ದೇವರು. ಆದರೆ ಇವೆಲ್ಲ ತಾತ್ಕಾಲಿಕವಾಗಿ ಸ್ಕ್ರೂ ಕ್ಲಿಪ್ ಹಾಕಲು ಕಾರಣಗಳು, ಅದನ್ನೇ ಕಾಯಂ ಮಾಡಲು ಅಲ್ಲ. ಕಸುವು ಹೋದ ಸ್ಪ್ರಿಂಗಿನ ಜಾಗಕ್ಕೆ ಅದೇ ಅಳತೆಯ ಹೊಸ ಸ್ಪ್ರಿಂಗ್ ಬರಬೇಕು. ಅಂಬಾಸಿಡರ್, ಪದ್ಮಿನಿಯಂಥ ಹಳೆಯ ಕಾರುಗಳ ಮಾತು ಬೇರೆ. ಅಲ್ಲಿ ತೂತಿಲ್ಲದ ಪಟ್ಟಿಯ ಸ್ಕ್ರೂ ಕ್ಲಿಪ್ಪೇ ಸರಿ.

ಹೋಸ್ ಆರಿಸುವಾಗಲೂ ಗಟ್ಟಿ ಯಾವುದು ಎನ್ನುವುದಕ್ಕಿಂತ ಒಳಗೆ ಹರಿಯುವುದು ಏನು ಎಂದು ಕೇಳಬೇಕು. ಕೂಲೆಂಟಿಗೆ ಇಪಿಡಿಎಂ ರಬ್ಬರು ಹೇಳಿ ಮಾಡಿಸಿದ್ದು. ಅದೇ ರಬ್ಬರು ಪೆಟ್ರೋಲು, ಆಯಿಲ್ ತಾಗಿದರೆ ಊದಿಕೊಳ್ಳುತ್ತದೆ. ನೀಲಿ ಕೆಂಪು ಬಣ್ಣದ ಸಿಲಿಕೋನ್ ಹೋಸ್ ಕಾವು ತಡೆಯುತ್ತದೆ ನಿಜ, ಆದರೆ ಪೆಟ್ರೋಲಿಗೆ ಅದೂ ಆಗದು, ಮೆತ್ತಗಿರುವುದರಿಂದ ಸೀಳುಗಂಡಿ ಕ್ಲಿಪ್ಪಿಗೆ ಬೇಗ ಬಲಿಯಾಗುತ್ತದೆ. ಹಳೆಯ ಕೂಲೆಂಟ್ ಹೋಸ್ ಹೊರಗೆ ಹೊಳೆಯುತ್ತಿದ್ದರೂ ನಂಬುವಂತಿಲ್ಲ. ಎಂಜಿನ್ ಆರಿದ ಮೇಲೆ ಕ್ಲಿಪ್ಪಿನ ಹತ್ತಿರ ಒಂದೆರಡು ಇಂಚಿನಲ್ಲಿ ಹಿಸುಕಿ ನೋಡಬೇಕು. ನಡುವೆ ಗಟ್ಟಿಯಿದ್ದು ತುದಿಯಲ್ಲಿ ಮೆತ್ತಗಾಗಿದ್ದರೆ ಒಳಗಿನಿಂದ ಸೀಳು ಬಿಡುತ್ತಿದೆ ಎಂದರ್ಥ.

ಪೆಟ್ರೋಲ್ ಪೈಪಿನ ವಿಷಯ ಈಗ ಇನ್ನೂ ಸೂಕ್ಷ್ಮ. 2023ರ ಫೆಬ್ರವರಿಯಲ್ಲಿ ಬೆಂಗಳೂರಿನ ಇಂಡಿಯಾ ಎನರ್ಜಿ ವೀಕ್‌ನಲ್ಲಿ ಬಿಡುಗಡೆಯಾದ ಇ20 ಪೆಟ್ರೋಲಿನಲ್ಲಿ ಶೇ 20ರಷ್ಟು ಎಥನಾಲ್ ಇದೆ; ಹಳೆಯ ಪೈಪುಗಳ ರಬ್ಬರನ್ನು ಅದನ್ನು ಗಮನದಲ್ಲಿಟ್ಟು ಆರಿಸಿದ್ದಲ್ಲ. ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗಗಳ ಅಂಗಡಿಯಲ್ಲಿ ಮೀಟರ್ ಲೆಕ್ಕದಲ್ಲಿ ಕತ್ತರಿಸಿ ಕೊಡುವ ಕಪ್ಪು ಪೈಪಿನ ಮೈಮೇಲೆ ಏನಾದರೂ ಅಚ್ಚಾಗಿದೆಯೇ ಎಂದು ತಿರುಗಿಸಿ ನೋಡಬೇಕು. ಎಸ್‌ಎಇ ಜೆ30 ಆರ್9 ಎಂದಿದ್ದರೆ ಅದು ಫ್ಯೂಯಲ್ ಇಂಜೆಕ್ಷನ್ ಒತ್ತಡಕ್ಕೆ ಮಾಡಿದ್ದು, ಒಳಪದರ ಎಥನಾಲನ್ನೂ ತಾಳುವ ಫ್ಲೋರೋ ರಬ್ಬರಿನದು. ಇದಕ್ಕೆ ಹಾಕುವ ಕ್ಲಿಪ್ಪು ಬೇರೆಯೇ: ಗಂಡಿಗಳಿಲ್ಲ, ಅಂಚು ಹೊರಕ್ಕೆ ಮಡಿಚಿರುತ್ತದೆ, ಸಣ್ಣ ನಟ್ಟು ಬೋಲ್ಟಿನಿಂದ ಕೂಡುತ್ತದೆ. ಒಂದೊಂದು ಸೈಜಿನ ಕ್ಲಿಪ್ಪೂ ಎರಡು ಮಿಲಿಮೀಟರ್ ಆಸುಪಾಸಿನ ವ್ಯತ್ಯಾಸವನ್ನಷ್ಟೇ ಸಹಿಸುತ್ತದೆ. ಹೊಸ ಪೈಪು ಹಳೆಯದಕ್ಕಿಂತ ದಪ್ಪವಿರಬಹುದಾದ್ದರಿಂದ ಪೈಪನ್ನು ಮೊದಲು ಕೊಂಡು, ಹೊರ ಅಳತೆ ನೋಡಿ, ಆಮೇಲೆ ಕ್ಲಿಪ್ ಕೇಳಬೇಕು.